ವೆಂಬ್ಲಿ: ಹಳೇದನ್ನು ಕೆಡವಿದ ಮೇಲೆ ನೋಡೋಕೆ ಏನಿದೆ?

ಪ್ರಶ್ನೆ: ಮೇ ತಿಂಗಳಲ್ಲಿ ಲಂಡನ್ನಿಗೆ ಹೋಗುತ್ತಿದ್ದೇವೆ. ಮಗಳ ಮನೆ ಹ್ಯಾರೋದಲ್ಲಿದೆ. ಜೊತೆಗೆ 12 ವರ್ಷದ ಮೊಮ್ಮಗ ಬರುತ್ತಾನೆ. ಅವನಿಗೆ ಫುಟ್‌ಬಾಲ್ ಹುಚ್ಚು, ವೆಂಬ್ಲಿ ನೋಡಲೇಬೇಕಂತೆ. ಅಳಿಯಂದಿರು ಮಾತ್ರ ಬೇಡ ಅನ್ನುತ್ತಾರೆ. ಹಳೇ ಸ್ಟೇಡಿಯಂ ಕೆಡವಿದ್ದಾರೆ, ಈಗಿರೋದು ಯಾವ ಕ್ಲಬ್ಬಿಗೂ ಸೇರಿದ್ದಲ್ಲ, ಸುಮ್ನೆ ದುಡ್ಡು ದಂಡ ಅಂತ ಅವರ ಮಾತು. ನನಗೆ ಫುಟ್‌ಬಾಲ್ ಅಷ್ಟಾಗಿ ತಿಳಿಯದು, ಜೊತೆಗೆ ಮಂಡಿನೋವು ಬೇರೆ. ಅಲ್ಲಿ ನಿಜಕ್ಕೂ ನೋಡುವಂಥದ್ದು ಇದೆಯೇ? ಟೂರ್ ಒಳ್ಳೆಯದೋ, ಪಂದ್ಯ ಒಳ್ಳೆಯದೋ?

ಉತ್ತರ: ನಿಮ್ಮ ಅಳಿಯಂದಿರು ಹೇಳಿದ ಎರಡೂ ಸಂಗತಿ ನಿಜ. 1923ರ ಕಟ್ಟಡದ ಒಂದು ಗೋಡೆಯೂ ಇವತ್ತು ಅಲ್ಲಿಲ್ಲ. ಈಗಿರೋದು ಯಾವ ಕ್ಲಬ್ಬಿನ ತವರೂ ಅಲ್ಲ. ಅದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಸೊತ್ತು. ಆದರೂ ಹೋಗಿ ಅಂತಲೇ ಹೇಳುತ್ತೇನೆ. ಆದರೆ ಕಟ್ಟಡ ನೋಡಲು ಅಂತ ಹೋಗಬೇಡಿ. ಪಂದ್ಯವಿರುವ ದಿನ, ಜನ ತುಂಬಿರುವಾಗ ಹೋಗಿ. ದೊಡ್ಡ ಪಂದ್ಯವೇ ಆಗಬೇಕಿಲ್ಲ. ಮೇ ತಿಂಗಳಲ್ಲಿ ಹೋಗುತ್ತಿರುವುದು ನಿಮ್ಮ ಅದೃಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಸ್ವಲ್ಪ ಕಥೆ ಕೇಳಿ. ಕಥೆ ಗೊತ್ತಿಲ್ಲದೆ ಹೋದರೆ ಅದೊಂದು ದೊಡ್ಡ ಕಾಂಕ್ರೀಟು ಬಟ್ಟಲು, ಅಷ್ಟೇ.

ಆ ಜಾಗದ ಕಥೆ ಶುರುವಾಗೋದು ಒಂದು ಹುಚ್ಚು ಆಸೆಯಿಂದ. ಸರ್ ಎಡ್ವರ್ಡ್ ವಾಟ್ಕಿನ್ ಅಂತ ರೈಲ್ವೆ ಕಂಪನಿಯ ಯಜಮಾನರೊಬ್ಬರಿದ್ದರು. ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕಿಂತ ಎತ್ತರದ ಗೋಪುರವನ್ನು ವೆಂಬ್ಲಿಯಲ್ಲಿ ಕಟ್ಟಬೇಕು, ಜನ ತಮ್ಮ ರೈಲಿನಲ್ಲೇ ಬಂದು ನೋಡಬೇಕು ಅನ್ನೋದು ಅವರ ಲೆಕ್ಕ. 1890ರ ದಶಕದಲ್ಲಿ ಕೆಲಸ ಶುರುವಾಯಿತು. ಮೊದಲ ಅಂತಸ್ತು ಎದ್ದಿತು. ಅಷ್ಟರಲ್ಲಿ ದುಡ್ಡೂ ಮುಗಿಯಿತು, ನೆಲವೂ ಕುಸಿಯತೊಡಗಿತು. 1907ರ ಹೊತ್ತಿಗೆ ಅದನ್ನು ಸಿಡಿಸಿ ಕೆಡವಿದರು. ಜನ ಅದಕ್ಕೆ ವಾಟ್ಕಿನ್ನನ ಮೂರ್ಖತನ ಅಂತಲೇ ಹೆಸರಿಟ್ಟರು. ಇದಾಗಿ ಸುಮಾರು ನೂರು ವರ್ಷದ ಮೇಲೆ ಹೊಸ ಸ್ಟೇಡಿಯಂಗೆ ನೆಲ ಅಗೆದಾಗ ಆ ಗೋಪುರದ ಅಡಿಪಾಯದ ಕಾಂಕ್ರೀಟು ಮತ್ತೆ ಕಣ್ಣಿಗೆ ಬಿತ್ತು.

ಗೋಪುರ ಹೋದ ಜಾಗಕ್ಕೆ ಸ್ಟೇಡಿಯಂ ಬಂತು. ಅದನ್ನೂ ಫುಟ್‌ಬಾಲಿಗೆ ಅಂತ ಕಟ್ಟಿದ್ದಲ್ಲ. 1924ರಲ್ಲಿ ಅಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೊಡ್ಡ ವಸ್ತುಪ್ರದರ್ಶನ ನಡೆಯುವುದಿತ್ತು. ಭಾರತಕ್ಕೂ ಅದರಲ್ಲಿ ಮೊಗಲ್ ಶೈಲಿಯ ಒಂದು ಭವನ ಕಟ್ಟಿದ್ದರು. ಆ ಪ್ರದರ್ಶನಕ್ಕಾಗಿಯೇ ಎದ್ದದ್ದು ಈ ಎಂಪೈರ್ ಸ್ಟೇಡಿಯಂ. ಸುಮಾರು 300 ದಿನದಲ್ಲಿ ಕಟ್ಟಿ ಮುಗಿಸಿದರು. ಖರ್ಚು 7.5 ಲಕ್ಷ ಪೌಂಡ್. ಮುಂಭಾಗದಲ್ಲಿ 126 ಅಡಿ ಎತ್ತರದ ಎರಡು ಬಿಳಿ ಗೋಪುರಗಳು. ಹಳೇ ಫೋಟೋಗಳಲ್ಲಿ ನೀವು ನೋಡಿರುವುದು ಇವನ್ನೇ.

ಪ್ರದರ್ಶನಕ್ಕೆ ಒಂದು ವರ್ಷ ಮೊದಲೇ, 1923ರ ಏಪ್ರಿಲ್ 28ರಂದು, ಅಲ್ಲಿ ಎಫ್‌ಎ ಕಪ್ (ಫುಟ್‌ಬಾಲ್ ಅಸೋಸಿಯೇಷನ್ ಕ್ಲಬ್ಬುಗಳಿಗಾಗಿ ನಡೆಸುವ ಪಂದ್ಯಾವಳಿ) ಫೈನಲ್ ನಡೆಯಿತು. ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ತಂಡಗಳ ನಡುವೆ. ಇಷ್ಟು ದೊಡ್ಡ ಜಾಗ ತುಂಬುತ್ತದಾ ಅನ್ನೋ ಅನುಮಾನ ಸಂಘಟಕರಿಗಿತ್ತು. ಹಾಗಾಗಿ ಎಲ್ಲ ಟಿಕೆಟ್ಟನ್ನೂ ಮುಂಗಡ ಮಾರಿರಲಿಲ್ಲ, ಗೇಟಿನಲ್ಲೇ ದುಡ್ಡು ಕೊಟ್ಟು ಒಳಗೆ ಹೋಗಬಹುದಿತ್ತು. ಜನ ಬಂದರು ನೋಡಿ! ಲೆಕ್ಕಕ್ಕೆ ಸಿಕ್ಕವರು 1,26,047. ಗೇಟು ಮುಚ್ಚಿದ ಮೇಲೆ ಗೋಡೆ ಹತ್ತಿ ಹಾರಿದವರನ್ನೂ ಸೇರಿಸಿದರೆ ಎರಡು ಲಕ್ಷಕ್ಕೂ ಜಾಸ್ತಿ ಅಂತಾರೆ. ಅಂಗಳದ ಹುಲ್ಲೇ ಕಾಣದಷ್ಟು ಜನ. ರಾಜ ಐದನೇ ಜಾರ್ಜ್ ಬಂದು ಕೂತಿದ್ದಾರೆ, ಆಟಗಾರರಿಗೆ ಕಾಲಿಡಲು ಜಾಗವಿಲ್ಲ.

ಆಗ ಕುದುರೆ ಪೊಲೀಸರು ಬಂದರು. ಅವರಲ್ಲಿ ಜಾರ್ಜ್ ಸ್ಕೋರಿ ಅನ್ನುವ ಕಾನ್‌ಸ್ಟೇಬಲ್ಲಿನ ಕುದುರೆಯ ಹೆಸರು ಬಿಲ್ಲಿ. ಜನರನ್ನು ಮೆಲ್ಲಗೆ ಹಿಂದೆ ಸರಿಸಿ ಸರಿಸಿ ಗೆರೆಯಾಚೆಗೆ ಒಯ್ದರು. ಮುಕ್ಕಾಲು ಗಂಟೆ ತಡವಾಗಿ ಆಟ ಶುರುವಾಯಿತು. ಎರಡೇ ನಿಮಿಷದಲ್ಲಿ ಡೇವಿಡ್ ಜ್ಯಾಕ್ ಗೋಲು ಹೊಡೆದರು. ಬೋಲ್ಟನ್ 2-0ಯಿಂದ ಗೆದ್ದಿತು. ಅವತ್ತಿನಿಂದ ಅದು ಬಿಳಿ ಕುದುರೆ ಫೈನಲ್. ನಿಜ ಹೇಳಬೇಕೆಂದರೆ ಬಿಲ್ಲಿಯದು ಬೂದು ಬಣ್ಣ. ಕಪ್ಪು-ಬಿಳುಪಿನ ನ್ಯೂಸ್‌ರೀಲಿನಲ್ಲಿ ಬೆಳ್ಳಗೆ ಕಂಡಿತು. ಸ್ಕೋರಿಯವರಿಗೆ ಫುಟ್‌ಬಾಲಿನಲ್ಲಿ ಆಸಕ್ತಿಯೇ ಇರಲಿಲ್ಲವಂತೆ, ಆಮೇಲೆ ಫೈನಲ್ಲುಗಳಿಗೆ ಕರೆದರೂ ಹೋಗುತ್ತಿರಲಿಲ್ಲವಂತೆ. ನಿಮಗೆ ಆಟ ತಿಳಿಯದು ಅನ್ನೋ ಸಂಕೋಚವಿದ್ದರೆ ಇವರನ್ನು ನೆನೆಸಿಕೊಳ್ಳಿ.

ಫೈನಲ್ಲುಗಳಿಗೆ ಮುಂಗಡ ಟಿಕೆಟ್ ಕಡ್ಡಾಯವಾದದ್ದು ಆ ದಿನದ ಪಾಠದಿಂದ. ಆದರೂ 2021ರ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್ ದಿನ ಹೊಸ ಸ್ಟೇಡಿಯಂನಲ್ಲೂ ಹೆಚ್ಚುಕಡಿಮೆ ಅದೇ ಆಯಿತು. ಟಿಕೆಟ್ ಇಲ್ಲದ ಸಾವಿರಾರು ಜನ ಗೇಟು ನುಗ್ಗಿದರು. ಆ ಸಲ ಬಿಲ್ಲಿ ಇರಲಿಲ್ಲ. ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಇಟಲಿಗೆ ಸೋತಿತು.

ಇನ್ನೊಬ್ಬರ ಹೆಸರು ನಿಮ್ಮ ಮೊಮ್ಮಗನಿಗೆ ಗೊತ್ತಿರಲಿಕ್ಕಿಲ್ಲ. ಆರ್ಥರ್ ಎಲ್ವಿನ್. ಪ್ರದರ್ಶನದಲ್ಲಿ ಸಿಗರೇಟು ಅಂಗಡಿ ಇಟ್ಟುಕೊಂಡಿದ್ದವರು. 1925ರಲ್ಲಿ ಪ್ರದರ್ಶನ ಮುಗಿದ ಮೇಲೆ ಸ್ಟೇಡಿಯಂ ಯಾರಿಗೂ ಬೇಡದ ಹೊರೆಯಾಯಿತು. ಕೆಡವಿಬಿಡುವ ಮಾತು ನಡೆದಿತ್ತು. ಎಲ್ವಿನ್ ಪ್ರದರ್ಶನದ ಖಾಲಿ ಕಟ್ಟಡಗಳನ್ನು ಕೊಂಡು, ಒಡೆದು, ಸಾಮಾನು ಮಾರಿ ದುಡ್ಡು ಮಾಡುತ್ತಿದ್ದರು. 1927ರಲ್ಲಿ ಸ್ಟೇಡಿಯಮ್ಮಿಗೇ ಕೈ ಹಾಕಿದರು. ಆದರೆ ವರ್ಷಕ್ಕೊಂದು ಕಪ್ ಫೈನಲ್ ಇಟ್ಟುಕೊಂಡು ಅಷ್ಟು ದೊಡ್ಡ ಜಾಗ ಸಾಕೋದು ಹೇಗೆ? ಅವರು ನಾಯಿ ಓಟ ತಂದರು. ಗ್ರೇಹೌಂಡ್ ನಾಯಿಗಳ ಓಟಕ್ಕೆ ಬಾಜಿ ಕಟ್ಟಲು ವಾರವಾರವೂ ಜನ ಬರುತ್ತಿದ್ದರು. ವೆಂಬ್ಲಿಯನ್ನು ಉಳಿಸಿದ್ದು ಫುಟ್‌ಬಾಲ್ ಅಲ್ಲ, ನಾಯಿಗಳು.

ಈ ನಾಯಿ ಓಟದ ಗತ್ತು ಎಷ್ಟಿತ್ತು ಅಂದರೆ, 1966ರ ವಿಶ್ವಕಪ್ಪಿನಲ್ಲಿ ಉರುಗ್ವೆ–ಫ್ರಾನ್ಸ್ ಪಂದ್ಯ ಒಂದು ಶುಕ್ರವಾರ ಬಿತ್ತು. ಶುಕ್ರವಾರ ನಾಯಿ ಓಟದ ದಿನ, ಬಿಡೋಕಾಗಲ್ಲ ಅಂದರು ವೆಂಬ್ಲಿಯವರು. ವಿಶ್ವಕಪ್ಪಿನ ಪಂದ್ಯವನ್ನೇ ವೈಟ್ ಸಿಟಿ ಸ್ಟೇಡಿಯಂಗೆ ಸಾಗಿಸಬೇಕಾಯಿತು!

ಅದೇ ವಿಶ್ವಕಪ್ಪಿನ ಫೈನಲ್ ಜುಲೈ 30ರಂದು ಇಲ್ಲೇ ನಡೆಯಿತು. ಇಂಗ್ಲೆಂಡ್, ಪಶ್ಚಿಮ ಜರ್ಮನಿ. 90 ನಿಮಿಷ ಮುಗಿದಾಗ 2-2. ಹೆಚ್ಚುವರಿ ಆಟದಲ್ಲಿ ಜೆಫ್ ಹರ್ಸ್ಟ್ ಒದ್ದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು, ಕೆಳಗೆ ಪುಟಿದು, ಆಚೆ ಬಂತು. ಗೆರೆ ದಾಟಿತಾ? ಸ್ವಿಸ್ ರೆಫರಿಗೆ ಖಾತ್ರಿಯಿಲ್ಲ. ಲೈನ್ಸ್‌ಮನ್ ತೋಫಿಕ್ ಬಹ್ರಾಮೋವ್ ಹತ್ತಿರ ಹೋಗಿ ಕೇಳಿದರು. ಅವರು ಹೌದು ಅಂದರು. ಜರ್ಮನರು ಇವತ್ತಿಗೂ ಒಪ್ಪಿಲ್ಲ. ಹರ್ಸ್ಟ್ ಕೊನೆಯಲ್ಲಿ ಇನ್ನೊಂದು ಹೊಡೆದು ಹ್ಯಾಟ್ರಿಕ್ ಮುಗಿಸಿದರು, 4-2. ಇಂಗ್ಲೆಂಡಿನ ಗಂಡಸರು ವಿಶ್ವಕಪ್ ಗೆದ್ದದ್ದು ಅದೊಂದೇ ಸಲ. ಬಹ್ರಾಮೋವ್ ಅಜರ್‌ಬೈಜಾನಿನವರು. ಅಲ್ಲಿನ ಬಾಕು ಊರಲ್ಲಿ ಅವರ ಹೆಸರಿನದೇ ಒಂದು ಸ್ಟೇಡಿಯಂ ಇದೆ. ಪಂದ್ಯ ಆಡಿಸಿದವರ ಹೆಸರಿಗೆ ಅಂಥ ಗೌರವ ಬೇರೆಲ್ಲಿ ಸಿಗುತ್ತೆ ಹೇಳಿ. ಚೆಂಡು ಬಡಿದ ಆ ಅಡ್ಡಪಟ್ಟಿಯನ್ನು ಸ್ಟೇಡಿಯಂನಲ್ಲಿ ಇಟ್ಟಿದ್ದಾರೆ. ಮೊಮ್ಮಗ ಅದರ ಮುಂದೆ ನಿಂತರೆ ಬೇಗ ಕದಲುವುದಿಲ್ಲ.

ಅದಕ್ಕೂ ಮೊದಲಿನದೊಂದು ದಿನ ಆಟ ಬಲ್ಲವರಿಗೆ ಇನ್ನೂ ದೊಡ್ಡದು. 1953ರ ನವೆಂಬರ್ 25. ಅಲ್ಲಿವರೆಗೆ ಬ್ರಿಟಿಷ್ ದ್ವೀಪಗಳ ಆಚೆಯ ಯಾವ ತಂಡಕ್ಕೂ ಇಂಗ್ಲೆಂಡ್ ತನ್ನ ನೆಲದಲ್ಲಿ ಸೋತಿರಲಿಲ್ಲ. ಅವತ್ತು ಹಂಗೇರಿ 6-3ರಿಂದ ಹೊಡೆದು ಹಾಕಿತು. ಮೊದಲ ನಿಮಿಷದಲ್ಲೇ ಗೋಲು. ಹಿದೆಗ್‌ಕುಟಿ ಅಂತ ಒಬ್ಬ ಆಟಗಾರ. ಬೆನ್ನ ಮೇಲೆ 9ನೇ ನಂಬರು, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವರದು. ಇವರು ನಿಲ್ಲುವುದು ಮಾತ್ರ ಹಿಂದೆ, ಮಧ್ಯದಲ್ಲಿ. ಅವರ ಹಿಂದೆ ಹೋಗಬೇಕೋ ಬಿಡಬೇಕೋ ಅಂತ ಇಂಗ್ಲೆಂಡಿನ ಡಿಫೆಂಡರುಗಳು ಒದ್ದಾಡುವಷ್ಟರಲ್ಲಿ ಮೂರು ಗೋಲು ಹೊಡೆದಿದ್ದರು. ಆಟ ಹುಟ್ಟಿದ ದೇಶಕ್ಕೆ ಆಟ ಕಲಿಸಿಕೊಟ್ಟ ಪಂದ್ಯ ಅದು. ವೆಂಬ್ಲಿಯಲ್ಲಿ ನಡೆದ ಪಂದ್ಯಗಳಲ್ಲಿ ಒಂದೇ ಒಂದನ್ನು ನೋಡುವ ವರ ಸಿಕ್ಕರೆ ನಾನು ಆರಿಸಿಕೊಳ್ಳುವುದು ಇದನ್ನೇ.

ನಮ್ಮವರ ಕಥೆಯೂ ಒಂದಿದೆ. 1948ರ ಒಲಿಂಪಿಕ್ಸಿಗೆ ವೆಂಬ್ಲಿಯೇ ಮುಖ್ಯ ಸ್ಟೇಡಿಯಂ. ಆಗಸ್ಟ್ 12ರಂದು ಅಲ್ಲಿ ಹಾಕಿ ಫೈನಲ್ ನಡೆಯಿತು. ಭಾರತ, ಗ್ರೇಟ್ ಬ್ರಿಟನ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಂಪೈರ್ ಅಂತ ಹೆಸರು ಹೊತ್ತ ಸ್ಟೇಡಿಯಂನಲ್ಲಿ ಕಿಶನ್ ಲಾಲ್ ನಾಯಕತ್ವದ ತಂಡ 4-0ಯಿಂದ ಗೆದ್ದಿತು. ಬಲಬೀರ್ ಸಿಂಗ್ ಎರಡು ಗೋಲು ಹೊಡೆದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಚಿನ್ನ ಅದು. ಅದೇ ಒಲಿಂಪಿಕ್ಸಿನಲ್ಲಿ ಆಡಿದ ನಮ್ಮ ಫುಟ್‌ಬಾಲ್ ತಂಡದಲ್ಲಿ ಬೆಂಗಳೂರಿನ ಹುಡುಗರಿದ್ದರು. ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಆದರೆ ಆ ಪಂದ್ಯ ಲಂಡನ್ನಿನ ಇನ್ನೊಂದು ಮೂಲೆಯ ಇಲ್‌ಫರ್ಡಿನಲ್ಲಿತ್ತು. ಸಿಕ್ಕ ಎರಡು ಪೆನಾಲ್ಟಿಯನ್ನೂ ಕೈಚೆಲ್ಲಿ ನಮ್ಮವರು 1-2ರಿಂದ ಸೋತರು. ವೆಂಬ್ಲಿವರೆಗೆ ಬರಲಾಗಲಿಲ್ಲ.

ಹಳೇ ಸ್ಟೇಡಿಯಂ ಕೆಡವಿದ್ದು ತಪ್ಪು ಅಂತ ಕೊರಗುವವರು ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೋಪುರ ಚೆನ್ನಾಗಿದ್ದವು, ಒಪ್ಪೋಣ. ಆದರೆ ಅಂಗಳದ ಸುತ್ತ ಓಟದ ಪಟ್ಟಿ ಇದ್ದದ್ದರಿಂದ ಜನ ಆಟದಿಂದ ತುಂಬಾ ದೂರ ಕೂರುತ್ತಿದ್ದರು. ಎಷ್ಟೋ ಸೀಟುಗಳಿಗೆ ಕಂಬ ಅಡ್ಡ. ಕೊನೆಯ ಪಂದ್ಯ 2000ದ ಅಕ್ಟೋಬರ್ 7ರಂದು. ಜರ್ಮನಿ 1-0ಯಿಂದ ಗೆದ್ದಿತು. ಸೋತ ಕೂಡಲೇ ಇಂಗ್ಲೆಂಡಿನ ಕೋಚ್ ಕೆವಿನ್ ಕೀಗನ್ ಸ್ಟೇಡಿಯಂನ ಶೌಚಾಲಯದಲ್ಲೇ ರಾಜೀನಾಮೆ ಹೇಳಿದರು. ಬೀಳ್ಕೊಡುಗೆ ಅಂದರೆ ಹೀಗಿರಬೇಕು! 2003ರಲ್ಲಿ ಗೋಪುರಗಳು ಉರುಳಿದವು.

ಹೊಸದು ತೆರೆದದ್ದು 2007ರಲ್ಲಿ. ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯೂ ಸೇರಿ ಮಾಡಿದ ವಿನ್ಯಾಸ. ಸುಮಾರು 80 ಕೋಟಿ ಪೌಂಡ್ ಖರ್ಚು, 90,000 ಸೀಟು. ಕೆಲಸ ಎಳೆದು ಎಳೆದು ಸಾಗಿದ್ದರಿಂದ ಎಫ್‌ಎ ಕಪ್ ಫೈನಲ್ಲುಗಳನ್ನು ಆರು ವರ್ಷ ವೇಲ್ಸಿನ ಕಾರ್ಡಿಫ್‌ನಲ್ಲಿ ಆಡಿಸಬೇಕಾಯಿತು. ದೂರದಿಂದ ನಿಮಗೆ ಮೊದಲು ಕಾಣುವುದು ಉಕ್ಕಿನ ಕಮಾನು. ಎತ್ತರ 133 ಮೀಟರ್, ಒಂದು ತುದಿಯಿಂದ ಇನ್ನೊಂದಕ್ಕೆ 315 ಮೀಟರ್. ಮುರುಡೇಶ್ವರದ ರಾಜಗೋಪುರ ನೋಡಿದ್ದೀರಲ್ವಾ? ಅದಕ್ಕಿಂತ ಮುಕ್ಕಾಲು ಪಾಲು ಜಾಸ್ತಿ ಎತ್ತರ. ಇದು ಬರೀ ಶೋಕಿಗಲ್ಲ. ಉತ್ತರ ಭಾಗದ ಇಡೀ ಚಾವಣಿ, ದಕ್ಷಿಣದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ಈ ಕಮಾನಿನಿಂದ ತೂಗುತ್ತದೆ. ಹಾಗಾಗಿ ಒಳಗೆ ಒಂದು ಕಂಬವೂ ಇಲ್ಲ. ಯಾವ ಸೀಟಲ್ಲಿ ಕೂತರೂ ಆಟ ಪೂರ್ತಿ ಕಾಣುತ್ತೆ. ಚಾವಣಿ ಪೂರ್ತಿ ಮುಚ್ಚುವುದಿಲ್ಲ, ಹುಲ್ಲಿಗೆ ಬಿಸಿಲು ಬೇಕಲ್ಲ. ಇಷ್ಟೆಲ್ಲ ಹೇಳಿ ಇದನ್ನು ಬಿಟ್ಟರೆ ಹೇಗೆ: ಒಳಗೆ 2,618 ಟಾಯ್ಲೆಟ್ ಇವೆ. ಹಿರಿಯರ ಜೊತೆ, ಮಕ್ಕಳ ಜೊತೆ ಹೋಗುವವರಿಗೆ ಕಮಾನಿಗಿಂತ ಇದೇ ದೊಡ್ಡ ಸುದ್ದಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಟೂರೋ, ಪಂದ್ಯವೋ?

ಟೂರ್ ಸುಮಾರು ಒಂದೂಕಾಲು ಗಂಟೆಯದು. ಆಟಗಾರರ ಡ್ರೆಸ್ಸಿಂಗ್ ರೂಮು, ಪತ್ರಿಕಾಗೋಷ್ಠಿ ನಡೆಯುವ ಕೋಣೆ, ಅಂಗಳಕ್ಕೆ ಬರುವ ಸುರಂಗ, ಕಪ್ ಕೊಡುವ ರಾಯಲ್ ಬಾಕ್ಸ್ ತೋರಿಸುತ್ತಾರೆ. ಹುಲ್ಲಿನ ಮೇಲೆ ಕಾಲಿಡಲು ಬಿಡುವುದಿಲ್ಲ. ಹುಡುಗನಿಗೆ ಖುಷಿಯಾಗುತ್ತೆ. ಆದರೆ ನಿಜ ಹೇಳಲಾ? ಖಾಲಿ ಸ್ಟೇಡಿಯಂ ನೋಡೋಕೆ ಲಿವರ್‌ಪೂಲಿನ ಆನ್‌ಫೀಲ್ಡೋ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡೋ ಹೆಚ್ಚು ಚೆಂದ. ಅಲ್ಲಿ ಒಂದೇ ಕ್ಲಬ್ಬಿನ ನೆನಪು ಗೋಡೆಗೋಡೆಯಲ್ಲೂ ಇದೆ. ವೆಂಬ್ಲಿಗೆ ಜೀವ ಬರುವುದು ಎರಡು ಊರಿನವರು ಎರಡು ಬಣ್ಣ ತೊಟ್ಟು ಒಂದೇ ರಸ್ತೆಯಲ್ಲಿ ನಡೆದು ಬಂದಾಗ. ಅದಕ್ಕೇ ಪಂದ್ಯ ಅಂದೆ.

ದೊಡ್ಡ ಎಫ್‌ಎ ಕಪ್ ಫೈನಲ್ ಆಸೆ ಬಿಟ್ಟುಬಿಡಿ. ಅದರ ಟಿಕೆಟ್ಟಿನಲ್ಲಿ ಬಹುಪಾಲು ಫೈನಲ್ ತಲುಪಿದ ಕ್ಲಬ್ಬುಗಳ ಮೂಲಕ ಅವರ ಅಭಿಮಾನಿಗಳಿಗೇ ಹೋಗುತ್ತದೆ. ಬ್ಲಾಕಿನಲ್ಲಿ ಕೊಳ್ಳುವ ಯೋಚನೆಯೂ ಬೇಡ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು ಅಪರಾಧ. ಟಿಕೆಟ್ ಈಗ ಫೋನಿನಲ್ಲೇ ಬರುವುದರಿಂದ ಮೋಸ ಹೋಗುವುದೂ ಸುಲಭ.

ಮೇ ತಿಂಗಳಲ್ಲಿ ಇನ್ನೆರಡು ಒಳ್ಳೆಯ ದಿನಗಳಿವೆ. ಒಂದು, ಮಹಿಳೆಯರ ಎಫ್‌ಎ ಕಪ್ ಫೈನಲ್. 2022ರಲ್ಲಿ ಇಂಗ್ಲೆಂಡಿನ ಹೆಣ್ಣುಮಕ್ಕಳು ಇದೇ ವೆಂಬ್ಲಿಯಲ್ಲಿ 87,192 ಜನರೆದುರು ಜರ್ಮನಿಯನ್ನು ಸೋಲಿಸಿ ಯೂರೋ ಕಪ್ ಗೆದ್ದರು. ಆಮೇಲೆ ಮಹಿಳೆಯರ ಆಟದ ಖದರೇ ಬೇರೆಯಾಗಿದೆ. ಮನೆಮಂದಿಯೆಲ್ಲ ಬರುತ್ತಾರೆ, ಗಲಾಟೆ ಕಡಿಮೆ. ಇನ್ನೊಂದು, ನಾನ್-ಲೀಗ್ ಫೈನಲ್ಸ್ ಡೇ. ದೊಡ್ಡ ಲೀಗುಗಳ ಕೆಳಗಿನ ಸಣ್ಣ ಕ್ಲಬ್ಬುಗಳ ಎರಡು ಫೈನಲ್ಲು ಒಂದೇ ದಿನ, ಒಂದೇ ಟಿಕೆಟ್ಟಿನಲ್ಲಿ. ಒಂದು ಎಫ್‌ಎ ವೇಸ್, ಇನ್ನೊಂದು ಎಫ್‌ಎ ಟ್ರೋಫಿ. ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸ ಮಾಡುವ ಹುಡುಗರು ಜೀವಮಾನದಲ್ಲಿ ಒಮ್ಮೆ ವೆಂಬ್ಲಿಯಲ್ಲಿ ಆಡುವ ದಿನ ಅದು. ಪುಟ್ಟ ಊರಿಗೆ ಊರೇ ಬಸ್ಸು ಮಾಡಿಕೊಂಡು ಬಂದಿರುತ್ತದೆ. ಆಟದ ಮಟ್ಟ ಅಷ್ಟಕ್ಕಷ್ಟೇ. ಆದರೆ ಗೋಲು ಬಿದ್ದಾಗ ಕೇಳುವ ಕೂಗಿದೆಯಲ್ಲ, ಅದನ್ನು ದುಡ್ಡಿಗೆ ಕೊಂಡ ದೊಡ್ಡ ಪಂದ್ಯಗಳಲ್ಲಿ ಕೇಳೋಕೆ ಸಿಗಲ್ಲ. ಟಿಕೆಟ್ಟೂ ಅಗ್ಗ. ಆಯ್ಕೆ ನನಗೆ ಬಿಟ್ಟರೆ ಇದಕ್ಕೇ ಕಳಿಸುತ್ತೇನೆ.

ದಿನ ಹೊಂದದಿದ್ದರೆ ಟೂರ್ ಇದ್ದೇ ಇದೆ. ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇರುವ ದಿನಗಳಲ್ಲಿ ಸಾಮಾನ್ಯವಾಗಿ ಟೂರ್ ಇರುವುದಿಲ್ಲ, ಹಾಗಾಗಿ ಮೊದಲೇ ಆನ್‌ಲೈನಿನಲ್ಲಿ ನೋಡಿ ಬುಕ್ ಮಾಡಿಸಿ.

ಹ್ಯಾರೋದಿಂದ ಹೋಗೋದು ಬಲು ಸುಲಭ. ಹ್ಯಾರೋ-ಆನ್-ದ-ಹಿಲ್ ನಿಲ್ದಾಣದಲ್ಲಿ ಮೆಟ್ರೊಪಾಲಿಟನ್ ಲೈನ್ ರೈಲು ಹತ್ತಿ, ವೆಂಬ್ಲಿ ಪಾರ್ಕ್‌ನಲ್ಲಿ ಇಳಿಯಿರಿ. ಕೆಲವೇ ನಿಮಿಷದ ದಾರಿ. ಇದು ಆ ವಾಟ್ಕಿನ್ ಸಾಹೇಬರದೇ ರೈಲು ಮಾರ್ಗ. ಗೋಪುರ ಬೀಳಲಿ ಬಿಡಲಿ, ಜನ ಅವರ ರೈಲಿನಲ್ಲೇ ಬರುತ್ತಿದ್ದಾರೆ! ಹುಡುಗನಿಗೆ ಓಯ್‌ಸ್ಟರ್ ಕಾರ್ಡ್ (ಲಂಡನ್ನಿನ ರೈಲು-ಬಸ್ಸಿನ ಕಾರ್ಡು) ತೆಗೆದು, ನಿಲ್ದಾಣದ ಸಿಬ್ಬಂದಿಗೆ ಹೇಳಿ ಯಂಗ್ ವಿಸಿಟರ್ ರಿಯಾಯಿತಿ ಹಾಕಿಸಿ. 11ರಿಂದ 15 ವರ್ಷದವರಿಗೆ ಅರ್ಧ ಚಾರ್ಜು.

ನಿಲ್ದಾಣದಿಂದ ಹೊರಬಂದರೆ ಎದುರಿಗೇ ನೇರ ರಸ್ತೆ, ಅದರ ತುದಿಯಲ್ಲಿ ಕಮಾನು. ಒಲಿಂಪಿಕ್ ವೇ ಅಂತ ಹೆಸರಿದ್ದರೂ ಜನ ಕರೆಯೋದು ವೆಂಬ್ಲಿ ವೇ ಅಂತ. 1948ರ ಒಲಿಂಪಿಕ್ಸಿಗೆ ಮಾಡಿದ ರಸ್ತೆ, ಯುದ್ಧದಲ್ಲಿ ಸೆರೆಸಿಕ್ಕ ಜರ್ಮನರ ಕೈಲೂ ಕೆಲಸ ಮಾಡಿಸಿದ್ದರು. ಹತ್ತು ನಿಮಿಷದ ನಡಿಗೆ. ನಿಲ್ದಾಣದ ಕಡೆಯೂ ಸ್ಟೇಡಿಯಂ ಕಡೆಯೂ ಮೆಟ್ಟಿಲಿವೆ, ನಿಮ್ಮ ಮಂಡಿಗೆ ಲಿಫ್ಟ್ ಹಿಡಿಯಿರಿ. ಬಲಗಡೆ ಕಾಣುವ ಹಳೇ ಕಾಂಕ್ರೀಟು ಕಟ್ಟಡ 1934ರ ಎಂಪೈರ್ ಪೂಲ್, ಎಲ್ವಿನ್ ಅವರೇ ಕಟ್ಟಿಸಿದ್ದು. ಒಳಗಿದ್ದ ಈಜುಕೊಳ ಹೋಗಿ ಈಗ ಸಂಗೀತ ಕಾರ್ಯಕ್ರಮ ನಡೆಯುತ್ತದೆ. ಅಲ್ಲಿ ಹಳೇದು ಏನೂ ಉಳಿದಿಲ್ಲ ಅನ್ನುವವರಿಗೆ ಇದನ್ನು ತೋರಿಸಿ. ಸ್ಟೇಡಿಯಂ ಮುಂದೆ 1966ರ ನಾಯಕ ಬಾಬಿ ಮೂರ್ ಅವರ ಕಂಚಿನ ಪ್ರತಿಮೆ ಇದೆ. ಫೋಟೋ ಎಲ್ಲರೂ ಅಲ್ಲೇ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ಪಕ್ಕದ ವೆಂಬ್ಲಿ ಸ್ಟೇಡಿಯಂ ರೈಲು ನಿಲ್ದಾಣದ ಹತ್ತಿರ ಒಂದು ಕಾಲುಸೇತುವೆ ಇದೆ. ಅದರ ಹೆಸರು ವೈಟ್ ಹಾರ್ಸ್ ಬ್ರಿಡ್ಜ್. ಬಿಲ್ಲಿಯ ನೆನಪಿಗೆ.

ಟಿಕೆಟ್ ತೆಗೆಯುವಾಗ ಮೇಲಿನ ಅಂತಸ್ತು ಬೇಡ. ಅಲ್ಲಿಗೆ ಎಸ್ಕಲೇಟರ್ ಇದೆ, ಆದರೆ ಸೀಟುಗಳ ನಡುವಿನ ಮೆಟ್ಟಿಲು ಬಹಳ ಕಡಿದು. ಕೆಳಗಿನ ಅಂತಸ್ತಿನಲ್ಲಿ, ಓಡಾಡುವ ದಾರಿ ಪಕ್ಕದ ಸೀಟು ಹುಡುಕಿ. ರಾಯಲ್ ಬಾಕ್ಸಿಗೆ 107 ಮೆಟ್ಟಿಲು. ಟೂರಿಗೆ ಹೋಗುವುದಾದರೆ ಬುಕ್ ಮಾಡುವಾಗಲೇ ಮೆಟ್ಟಿಲು ಹತ್ತಲಾಗದು ಅಂತ ತಿಳಿಸಿ. ಪಂದ್ಯದ ದಿನ ಎ4 ಹಾಳೆಗಿಂತ ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಒಳಗೆ ನಗದು ನಡೆಯಲ್ಲ, ಕಾರ್ಡೇ ಬೇಕು. ಮೇ ಅಂತ ನಂಬಬೇಡಿ, ಸ್ವೆಟರ್ ಇರಲಿ. ಬಿಯರ್ ಕುಡಿಯುವವರ ಚಿಂತೆಯೂ ಅಷ್ಟಾಗಿ ಬೇಡ. ಇಂಗ್ಲೆಂಡಿನ ಕಾನೂನಿನ ಪ್ರಕಾರ ಗಂಡಸರ ದೊಡ್ಡ ಫುಟ್‌ಬಾಲ್ ಪಂದ್ಯ ನಡೆಯುವಾಗ ಅಂಗಳ ಕಾಣುವ ಸೀಟಿನಲ್ಲಿ ಕೂತು ಮದ್ಯ ಕುಡಿಯುವಂತಿಲ್ಲ.

ಊಟವನ್ನು ಸ್ಟೇಡಿಯಂನಲ್ಲಿ ಮಾಡಬೇಡಿ. ದುಬಾರಿ, ರುಚಿಯೂ ಅಷ್ಟಕ್ಕಷ್ಟೇ. ಹತ್ತಿರದಲ್ಲೇ ಈಲಿಂಗ್ ರೋಡ್ ಇದೆ. ಸೀರೆ ಅಂಗಡಿ, ತರಕಾರಿ ಅಂಗಡಿ, ಗುಜರಾತಿ ತಿಂಡಿ, ದಕ್ಷಿಣದ ದೋಸೆ ಎಲ್ಲ ಸಾಲಾಗಿ ಸಿಗುತ್ತೆ. ಆಟ ಬೇಡವೆನ್ನುವವರು ಮನೆಯಲ್ಲಿ ಯಾರಾದರೂ ಇದ್ದರೆ ಅವರನ್ನು ನೀಸ್ಡನ್‌ನ ಸ್ವಾಮಿನಾರಾಯಣ ಮಂದಿರಕ್ಕೆ ಕಳಿಸಿ. ಬಲ್ಗೇರಿಯಾದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆಯನ್ನು ಭಾರತದಲ್ಲಿ ಕೆತ್ತಿಸಿ ತಂದು ಜೋಡಿಸಿದ್ದು. 1995ರಲ್ಲಿ ತೆರೆಯಿತು. ಸ್ಟೇಡಿಯಂನಿಂದ ದೂರವೇನಲ್ಲ. ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯನ್ನೂ ಅದೇ ದಿನ ನೋಡಬಹುದಾ ಅಂತ ನಮ್ಮವರು ಬಹಳ ಜನ ಕೇಳುತ್ತಾರೆ. ಪ್ರಧಾನಿ ಮೋದಿ 2015ರ ನವೆಂಬರ್ 13ರಂದು ವೆಂಬ್ಲಿಯಲ್ಲಿ ಭಾಷಣ ಮಾಡಿ ಮರುದಿನ ಆ ಪ್ರತಿಮೆ ಅನಾವರಣ ಮಾಡಿದ್ದರು, ಅದಕ್ಕೇ ಎರಡನ್ನೂ ಜೋಡಿಸುತ್ತಾರೋ ಏನೋ. ಅದು ಲ್ಯಾಂಬೆತ್‌ನಲ್ಲಿದೆ, ಊರಿನ ನಡುವೆ. ಪಂದ್ಯದ ದಿನ ಬೇಡ, ಇನ್ನೊಂದು ದಿನ ಇಟ್ಟುಕೊಳ್ಳಿ.

ಕೊನೆಯದಾಗಿ, ಆಟ ಮುಗಿದ ಕೂಡಲೇ ಓಡಬೇಡಿ. ಎಲ್ಲರೂ ಒಟ್ಟಿಗೆ ವೆಂಬ್ಲಿ ಪಾರ್ಕ್ ಕಡೆಗೆ ನುಗ್ಗುತ್ತಾರೆ. ಪೊಲೀಸರು ಗುಂಪನ್ನು ತಡೆದು ತಡೆದು ಬಿಡುತ್ತಾರೆ. ಅರ್ಧ ಗಂಟೆ ಸೀಟಿನಲ್ಲೇ ಕೂತು ಕಪ್ ಕೊಡುವುದನ್ನು ನೋಡಿ, ಆಮೇಲೆ ನಿಧಾನಕ್ಕೆ ಹೊರಡಿ. ಹೆಚ್ಚಿನವರು ಊರ ನಡುವಿನ ಕಡೆ ಹೋಗುವ ರೈಲಿಗೆ ಕಾಯುತ್ತಾರೆ, ನಿಮ್ಮದು ಎದುರು ದಿಕ್ಕಿನದು. ಕೂರಲು ಸೀಟು ಸಿಗುವ ಸಾಧ್ಯತೆ ಜಾಸ್ತಿ.